ಭೂಲ್ ಕೊಡುವ ಡಾಕ್ಟರು

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಪುಟ್ಟ ಹಲ್ಲುಗಳ ಗುರುತೊಂದು ಅರ್ಧಚಂದ್ರದ ಹಾಗೆ ಉಳಿದುಬಿಟ್ಟಿತ್ತು. ಎಚ್ಚರವಾಗುವ ಗಾಬರಿಯಲ್ಲಿ ಯಾವುದೋ ಮಗು ಕಚ್ಚಿದ್ದು. ಮೊದಲ ಸಲ ನನ್ನ ಮಗಳಿಗೆ ಅದನ್ನೇ ತೋರಿಸಿ, "ನೋಡ್ ಯವ್ವಾ, ನೀನೂ ಕಚ್ಚಾಕಿ ಆದ್ರ ಈಗ ಹೇಳಿಬಿಡು, ಈ ಕೈ ಹಿಂದ ಇಟಗೋತೀನಿ" ಎಂದರು. ಆಗಿನ್ನೂ ಅವಳಿಗೆ ಒಂದು ಕಣ್ಣು ಅಷ್ಟಿಷ್ಟು ಕಾಣುತ್ತಿತ್ತು. ಮೂಗು ತಾಗುವಷ್ಟು ಹತ್ತಿರದಿಂದ ಆ ಗುರುತು ನೋಡಿ ನಕ್ಕಳು.

ನಮ್ಮ ಖಾನಾಪುರದ ಕಡೆ ಅರಿವಳಿಕೆಗೆ ಭೂಲ್ ಎನ್ನುತ್ತಾರೆ. ಹಾಗಾಗಿ ಅವರು ನಮ್ಮ ಮನೆಯಲ್ಲಿ ಭೂಲ್ ಡಾಕ್ಟರು. ಮಗಳಿಗೆ ಹುಟ್ಟಿನಿಂದಲೇ ಕಣ್ಣಿನೊಳಗೆ ಒತ್ತಡ. ಅಷ್ಟು ಚಿಕ್ಕ ಮಕ್ಕಳು ಅಲುಗಾಡದೆ ಇರುವುದಿಲ್ಲವಲ್ಲ, ಬರೀ ಒತ್ತಡ ಅಳೆಯಲಿಕ್ಕೂ ಭೂಲ್ ಬೇಕು. ಹೀಗೆ ಬೆಳಗಾವಿಯ ಆ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿಗಿಂತ ಇವರ ಮುಖವೇ ನಮಗೆ ಹೆಚ್ಚು ರೂಢಿಯಾಯಿತು.

ಭೂಲ್ ಕೊಡುವ ಮುಂಚಿನ ಉಪವಾಸದ ವಿಷಯದಲ್ಲಿ ಅವರು ದೊಡ್ಡವರ ಮಾತು ನಂಬುತ್ತಿರಲಿಲ್ಲ. ಮಗುವನ್ನೇ ಕೇಳುತ್ತಿದ್ದರು. ಮೊದಲ ಆಪರೇಷನ್ನಿನ ದಿನವೂ ಕೇಳಿದರು: "ಮುಂಜಾನಿ ಯಾರ್ ಏನ್ ಕೊಟ್ರು?"

"ಆಯಿ ತೀರ್ಥ ಕೊಟ್ಲು. ಮತ್ತ ಕೇಳ್ದೆ, ಮತ್ತ ಕೊಟ್ಲು."

ಆಯಿ ಎಂದರೆ ಅವಳ ಅಜ್ಜಿ, ನಮ್ಮ ಅತ್ತೆ. ಹೊರಡುವ ಮುಂಚೆ ದೇವರ ಮುಂದೆ ನಿಲ್ಲಿಸಿ ಪಂಚಾಮೃತ ಕುಡಿಸಿದ್ದರು. ಹಾಲು, ಮೊಸರು, ಬಾಳೆಹಣ್ಣು ಎಲ್ಲ ಇದ್ದದ್ದು. "ತೀರ್ಥಕ್ಕ ಊಟಾ ಅಂತಾರೇನ್ರಿ?" ಎಂದು ಅವರಿಗೇ ಆಶ್ಚರ್ಯ.

"ದೇವರದು ಖರೇ, ಆಯಿ. ಆದ್ರ ಭೂಲಿನ್ಯಾಗ ಅದು ಮ್ಯಾಲ ಬಂದು ಉಸಿರಿನ ದಾರಿಗೆ ಇಳೀತಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಆವತ್ತಿನ ಆಪರೇಷನ್ ನಿಂತಿತು. ಖಾನಾಪುರ ಬರುವವರೆಗೂ ಅತ್ತೆ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಒಂದು ಮಾತೂ ಆಡಲಿಲ್ಲ, ಯಾಕೆಂದರೆ ಡಾಕ್ಟರು ನನ್ನನ್ನು ಬದಿಗೆ ಕರೆದು, "ಮನ್ಯಾಗ ಆಯಿಗೆ ಏನೂ ಅನಬ್ಯಾಡ್ರಿ. ಕಣ್ಣು ಹೋದ್ರ ಈ ತೀರ್ಥದಿಂದ ಹೋಗೂದಿಲ್ಲ" ಎಂದಿದ್ದರು.

ಮುಂದಿನ ಸಲ ಬಿಡಿಸಿ ಹೇಳಿದರು. "ಬರೇ ಭೂಲ್ ಸಾಲೂದಿಲ್ಲ, ಬಾಯಾರ. ಕಣ್ಣು ಮ್ಯಾಲ ಹೊಳ್ಳಿಬಿಡತೈತಿ. ಅದಕ್ಕ ಸ್ನಾಯು ಸಡಿಲ ಮಾಡೂ ಔಷಧ ಹಾಕ್ತೀನಿ. ಅದು ಹಾಕಿದ್ರ ಉಸಿರೂ ನಿಲ್ಲತೈತಿ. ಆಮ್ಯಾಲ ಆಕಿ ಉಸಿರು ನಾ ಹಾಕಬೇಕು."

"ಹಂಗಾರ ಆಕಿ ಜೀವ ನಿಮ್ಮ ಕೈಯಾಗ?"

"ಹೌದ್ರಿ."

ಏನೂ ಆಗುವುದಿಲ್ಲ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು! ಅನ್ನಲಿಲ್ಲ. ನಾನು ಮೊದಲೇ ಬಾಯಿ ಜೋರಿನವಳು, ಇದೆಂಥ ಸೊಕ್ಕಿನ ಮನುಷ್ಯ ಎಂದು ಗಂಡನ ಮುಂದೆ ಹಾರಾಡಿದೆ. ಆದರೆ ಪ್ರತಿ ಸಲವೂ ಅವಳು ಎಚ್ಚರಗೊಳ್ಳುವಾಗ ಪಕ್ಕದ ಸ್ಟೂಲಿನ ಮೇಲೆ ಅವರೇ ಇರುತ್ತಿದ್ದರು. ಇನ್ನೊಂದು ಕೇಸಿಗೆ ಕರೆಯಲು ಬಂದ ಸಿಸ್ಟರು ಬಾಗಿಲಲ್ಲೇ ಕಾಯಬೇಕಾಗುತ್ತಿತ್ತು.

ಎಷ್ಟು ಮಾಡಿದರೂ ಒತ್ತಡ ಇಳಿಯಲಿಲ್ಲ. ಕೊನೆಯ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಬೆಳಿಗ್ಗೆ ಕಣ್ಣಿನ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಆ ಕಣ್ಣೂ ಹೋಯಿತು ಎಂದರು. ಒಳಗೆ ಬಂದರೆ ಭೂಲ್ ಡಾಕ್ಟರು ಅವಳ ಹಾಸಿಗೆಯ ಬಳಿ ಕೂತಿದ್ದರು. ಕಿಟಕಿಯಿಂದ ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು.

"ಅವ್ವಾ, ಲೈಟ್ ಹಚ್ಚು."

ನನ್ನ ಗಂಡ, "ಕರೆಂಟ್ ಹೋಗೇತಿ ಪುಟ್ಟಿ" ಎಂದ.

"ಇಲ್ಲ ಯವ್ವಾ," ಎಂದರು ಡಾಕ್ಟರು. "ಬೆಳಕ ಆಗೇತಿ. ನಿನ್ನ ಕಣ್ಣಿಗೆ ಅದು ಕಾಣವಲ್ದು."

"ನಾಳಿಗೆ ಕಾಣತೈತಿ?"

"ಇಲ್ಲ."

ಡಾಕ್ಟರನ್ನು ವೆರಾಂಡಕ್ಕೆ ಎಳೆದು ತಂದು ಬಾಯಿಗೆ ಬಂದಂತೆ ಬೈದೆ. ನಿಂತು ಕೇಳಿಸಿಕೊಂಡರು. "ನನಗ ಎಷ್ಟರ ಬೈರಿ, ಬಾಯಾರ. ಆಕಿಗೆ ಮಾತ್ರ ಸುಳ್ಳು ಹೇಳಬ್ಯಾಡ್ರಿ. ಇನ್ ಮ್ಯಾಲ ಆಕಿ ನಿಮ್ಮ ಮಾತು ಹಿಡದ ನಡೀಬೇಕು." ಅವರ ಕಣ್ಣು ತುಂಬಿದ್ದವು. ನನಗೆ ಅವರ ಮೇಲೆ ಕರುಣೆ ಬರಲಿಲ್ಲ, ಆವತ್ತು ಯಾರ ಮೇಲೂ ಬರುವಂತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರಂತೆ, ಮನೆಯಲ್ಲಿ, ಮಲಗಿದಲ್ಲೇ. ಮಗಳಿಗೀಗ ಹತ್ತು ವರ್ಷ. ಅವಳಿಗೆ ಹೇಳುವಾಗ, ಬೇರೆ ಊರಿಗೆ ಹೋದರು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. ಮಲಗಿದಲ್ಲೇ ಸತ್ತರು ಎಂದೆ.

ಅವಳು ಕೇಳಿದಳು:

"ಎಬ್ಬಸಾಕ ಬಾಜುಕ ಯಾರೂ ಕುಂತಿರ್ಲಿಲ್ಲೇನು?"

"ಇಲ್ಲ" ಎಂದೆ.