ಹೊನ್ನಿ ಕಂಡ ಹಸಿರು ಚುಕ್ಕೆಗಳು

ತೋಡೂರಿನ ಹೊನ್ನಿಯ ಮನೆಯಲ್ಲಿ ಪಾತ್ರೆಯ ಸದ್ದು ಕೇಳಿ ವರ್ಷಗಳಾಗಿದ್ದವು. ಒಂದು ಮುಂಜಾನೆ ಅವಳ ಕೈಜಾರಿ ತಾಮ್ರದ ಹಂಡೆ ಅಂಗಳದ ಕಲ್ಲಿಗೆ ಬಿದ್ದಿತ್ತು. ಜಗಲಿಯಲ್ಲಿ ಮಲಗಿದ್ದ ಮಗ ಉಮೇಶ ಬೆಚ್ಚಿ ಎದ್ದು ಕೂತವನು ಹಾಗೇ ಒರಗಿ ಪ್ರಾಣ ಬಿಟ್ಟ. ಗಟ್ಟಿಮುಟ್ಟಾದ ಹುಡುಗ. ಯಾರೂ ಅವಳನ್ನು ದೂರಲಿಲ್ಲ, ದೂರಿದವಳು ಅವಳೇ. ಅಂದಿನಿಂದ ಕೊಡವನ್ನೂ ಹಸುಗೂಸಿನಂತೆ ನೆಲಕ್ಕಿಳಿಸುತ್ತಿದ್ದಳು.

ಆಗ ಕಾರವಾರದ ಕಾಲೇಜಿನಲ್ಲಿದ್ದ ಮಗಳು ಯಶೋದಾ ಮುಂದೆ ಓದಿ, ಹೊರ ಊರಿನ ಪ್ರಯೋಗಾಲಯವೊಂದರಲ್ಲಿ ಹೃದಯದ ಕಾಯಿಲೆಗಳ ಸಂಶೋಧನೆಗೆ ಸೇರಿದಳು. ಒಮ್ಮೆ ಬಂದಾಗ ತನ್ನ ರಕ್ತದ ಜೊತೆ ತಾಯಿಯದನ್ನೂ ಪರೀಕ್ಷೆಗೆ ಒಯ್ದಳು. ೨೦೦೮ರ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ತೆರೆದು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

ಕಪ್ಪು ಪರದೆಯ ತುಂಬ ಹಸಿರು ಚುಕ್ಕೆಗಳು, ಕತ್ತಲ ಕಡಲಿನ ದೋಣಿದೀಪಗಳ ಹಾಗೆ. ಅದು ಜೀವಂತ ಕೋಶದ ಪೊರೆ, ಒಂದೊಂದು ಚುಕ್ಕೆಯೂ ಒಂದೊಂದು ಬಾಗಿಲು ಎಂದಳು ಯಶೋದಾ. ಒಂದು ಬಡಿತ ಮುಗಿಸಿ ಇನ್ನೊಂದಕ್ಕೆ ಅಣಿಯಾಗಲು ಹೃದಯಕ್ಕೆ ಆ ಬಾಗಿಲುಗಳು ಬೇಕು. ಕಾಣಲೆಂದು ಅವಕ್ಕೆ ಹೊಳೆಯುವ ಬಣ್ಣ ಸೇರಿಸಿದ್ದರು. ಆಮೇಲೆ ಇನ್ನೊಂದು ಚಿತ್ರ ತೋರಿಸಿದಳು: ರಕ್ತಪರೀಕ್ಷೆಯಲ್ಲಿ ಸಿಕ್ಕ ತಮ್ಮ ಮನೆತನದ ದೋಷವನ್ನೇ ಹಾಕಿ ಬೆಳೆಸಿದ ಕೋಶ. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ.

ಉಳಿದವು ಎಲ್ಲಿ ಹೋದವೆಂದು ಹೊನ್ನಿ ಕೇಳಿದಳು.

"ಒಳಗೇ ಸಿಕ್ಕಂಡವೆ, ಅವ್ವಿ. ಪೊರೆವರೆಗೆ ಬರೂದೇ ಇಲ್ಲ. ಇಂಥ ಹೃದಯ ಸದ್ದಿಗೆ ಬೆಚ್ಚಿದ್ರೆ ತಾಳ ತಪ್ಪಿ ನಿಂತೋಗ್ತದೆ. ಹಂಡೆ ಅಲ್ದಿದ್ರೆ ಇನ್ನೊಂದು ಸದ್ದು. ಅಂವ ನಿನ್ನ ಕೈಯಿಂದ ಹೋದಂವ ಅಲ್ಲ."

ಹೊನ್ನಿ ಪರದೆಯ ಒಂಟಿ ಚುಕ್ಕೆಯೊಂದರ ಮೇಲೆ ಬೆರಳಿಟ್ಟಳು. ಈ ದೋಷ ಅವನಿಗೆ ಯಾರಿಂದ ಬಂತು ಎಂದಳು. ಯಶೋದಾ ಹೆದರಿದ್ದು ಈ ಪ್ರಶ್ನೆಗೇ. ಸುಳ್ಳು ಹೇಳಬಹುದಿತ್ತು.

"ನಿನ್ನಿಂದ. ನಂಗೂ ಅದೆ. ನಾ ಮಾತ್ರೆ ತಗಳ್ತೆ, ನೀನೂ ತಗಳ್ಬೇಕು."

ಹೊನ್ನಿ ಅಳಲಿಲ್ಲ. ತನ್ನ ತಾಯಿ ಗದ್ದೆಯಲ್ಲಿ ಗುಡುಗಿಗೆ ಬಿದ್ದು ಸತ್ತದ್ದನ್ನು ಹೇಳಿದಳು. ಮೈಮೇಲೆ ಸುಟ್ಟ ಗುರುತಿರಲಿಲ್ಲ. ಆದರೂ ಊರು ಸಿಡಿಲೆಂದಿತು. ಹೇಳುತ್ತಿದ್ದಂತೆ ಅಗಸೂರಿನ ತಂಗಿ ಗಂಗಿ ನೆನಪಾಗಿ ಎದ್ದು ನಿಂತಳು.

ಮರುದಿನವೇ ಅಗಸೂರಿಗೆ ಹೋದಳು. ಗಂಗಿಯ ಮಗಳು ದುರ್ಗಾಳಿಗೆ ಮದುವೆಯ ಮಾತು ನಡೆಯುತ್ತಿತ್ತು.

"ಹೆಣ್ಣು ನೋಡೂಕೆ ಬರೂ ಹೊತ್ತಿಗೆ ರೋಗದ ಸುದ್ದಿ ಹೊತ್ಕಂಡು ಬಂದ್ಯಾ?" ಎಂದಳು ಗಂಗಿ.

"ಉಮೇಶ ನನ್ನ ಕೈಯಿಂದ ಸತ್ತ ಅಂದ್ಕಂಡಿದ್ದೆ. ಅಲ್ಲ, ಗಂಗೀ. ಆಗ ಗೊತ್ತಿರ್ಲಿಲ್ಲ. ಈಗ ಗೊತ್ತಿದ್ದೂ ಸುಮ್ನಿದ್ದು ದುರ್ಗಾಗೆ ಏನಾದ್ರೂ ಆದ್ರೆ, ಅದು ನನ್ನ ಕೈಯಿಂದ."

ಹೊನ್ನಿ ಜಗಲಿಯಿಂದ ಏಳಲಿಲ್ಲ, ಚಹಾ ಮುಟ್ಟಲಿಲ್ಲ. ಕೊನೆಗೆ ದುರ್ಗಾಳೇ ಚಪ್ಪಲಿ ಮೆಟ್ಟಿ ಹೊರಟಳು. ಸಂಜೆ ಕಾರವಾರದ ಆಸ್ಪತ್ರೆಯಲ್ಲಿ ಅವಳ ಇಸಿಜಿ ಮುಗಿಯುವವರೆಗೆ ಅಕ್ಕತಂಗಿಯರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.