ಎರಡು ದಿನದ ರಾಶಿ

ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಮೂರು ಸೀನು ಬಂದವು. ಕದರಮಂಡಲಗಿಯ ಶಾಂತಕ್ಕ ವರ್ಷಕ್ಕೊಮ್ಮೆ ರಾಣೆಬೆನ್ನೂರಿನ ನಮ್ಮ ಮನೆಗೆ ಕಳಿಸುವ ಖಾರದ ಪುಡಿಗೆ ಅಷ್ಟು ಮರ್ಯಾದೆ ಸಲ್ಲಲೇಬೇಕು. ಬ್ಯಾಡಗಿ ಕಾಯಿ ಬರೀ ಬಣ್ಣ, ಖಾರವಿಲ್ಲ ಎನ್ನುವವರು ಈ ಡಬ್ಬಿಯನ್ನು ಮೂಸಿ ನೋಡಿದವರಲ್ಲ.

ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಫೋನಿಗೆ ಒಂದು ಕರಡು ಬಂತು. ಹಾವೇರಿಯ ಯುವ ಅಧಿಕಾರಿಯೊಬ್ಬರು ಕಳಿಸಿದ್ದರು. ಬಿಸಿಲಿನ ಶಾಖದಲ್ಲೇ ಮೆಣಸಿನಕಾಯಿ ಒಣಗಿಸುವ ಗಾಜಿನ ಪೆಟ್ಟಿಗೆಗಳನ್ನು ಊರೂರಿನ ಮಹಿಳಾ ಸಂಘಗಳಿಗೆ ಕೊಡುವ ಯೋಜನೆ. ನೀವು ಅನುಭವಸ್ಥರು, ಸಂಜೆಯೊಳಗೆ ಅಭಿಪ್ರಾಯ ತಿಳಿಸಿ ಎಂದಿದ್ದರು. ನಿವೃತ್ತನಾದವನನ್ನು ಯಾರಾದರೂ ಅನುಭವಸ್ಥ ಎಂದುಬಿಟ್ಟರೆ ಮುಗಿಯಿತು. ಕನ್ನಡಕ ಹುಡುಕಿಕೊಂಡು ಠಾಕುಠೀಕಾಗಿ ಕೂತೆ.

ನಾಲ್ಕನೆಯ ಪುಟದಲ್ಲಿ ಹೀಗಿತ್ತು: 'ಕದರಮಂಡಲಗಿಯ ಪ್ರಯೋಗ ವಿಫಲವಾಗಲು ಬಳಕೆದಾರರ ತಿಳಿವಳಿಕೆಯ ಕೊರತೆಯೇ ಕಾರಣ. ಅಂಥ ಸಂಘಗಳನ್ನು ಈ ಬಾರಿ ಕೈಬಿಡುವುದು ಸೂಕ್ತ.' ಎರಡರಲ್ಲಿ ಮೊದಲ ವಾಕ್ಯ ನನ್ನದು. ಹನ್ನೊಂದು ವರ್ಷದ ಹಿಂದೆ, ಕೃಷಿ ಕಚೇರಿಯಲ್ಲಿದ್ದಾಗ ಬರೆದದ್ದು.

ಎದ್ದೆ, ಕೂತೆ, ಮತ್ತೆ ಎದ್ದೆ. ಫ್ಯಾನು ಹಾಕಿ ಆರಿಸಿದೆ. ಚಹಾ ತಣ್ಣಗಾಯಿತು. ನಿಮಗೂ ಇಂಥದ್ದು ಆಗಿರಬಹುದು: ಮರೆತೆವೆಂದುಕೊಂಡ ತಪ್ಪು ವಿಳಾಸ ಹುಡುಕಿಕೊಂಡು ಮನೆ ಬಾಗಿಲಿಗೇ ಬರುವುದು.

ಪೆಟ್ಟಿಗೆ ಒಳ್ಳೆಯದೇ ಇತ್ತು, ಅದನ್ನು ಈಗಲೂ ಹೇಳುತ್ತೇನೆ. ಅದಕ್ಕೂ ಮೊದಲು ಕದರಮಂಡಲಗಿ ಸಂಘದ ಹೆಂಗಸರು ಕಾಯಿಯನ್ನು ರಸ್ತೆ ಬದಿಯಲ್ಲಿ ಹರವುತ್ತಿದ್ದರು. ಧೂಳು, ನಾಯಿ, ಲಾರಿ ಹೊಗೆ. ಅಕಾಲದಲ್ಲಿ ನಾಲ್ಕು ಹನಿ ಬಿದ್ದರೆ ಬೂಸ್ಟು. ಗಾಜಿನ ಪೆಟ್ಟಿಗೆಗೆ ಕಟ್ಟಿಗೆಯೂ ಬೇಡ, ಕರೆಂಟೂ ಬೇಡ. ಸರಕಾರದ ಒಂದು ನೀತಿ ಕಾಡನ್ನೂ ಬದುಕನ್ನೂ ಒಟ್ಟಿಗೆ ಕಾಯುವುದನ್ನು ನಾನು ಕಣ್ಣಾರೆ ನೋಡುವವನಿದ್ದೆ. ಆದರೆ ಉದ್ಘಾಟನೆಗೆ ದಿನ ಮೊದಲೇ ನಿಗದಿಯಾಗಿತ್ತು. ನಮ್ಮ ಕಚೇರಿಯಲ್ಲಿ ಬೀಜ ಮೊಳೆಯುವುದಕ್ಕಿಂತ ಮೊದಲು ಟೇಪು ಕತ್ತರಿಸುವುದು ನಡೆಯುತ್ತಿತ್ತು.

ಉದ್ಘಾಟನೆಯ ಮುಂಜಾನೆ ಹೊಲದಿಂದ ಬಿಡಿಸಿ ತಂದ ಕಾಯಿಯನ್ನು ಹಾಗೇ ಪೆಟ್ಟಿಗೆಗೆ ತುಂಬಲು ಹೇಳಿದೆ. ಸಂಘದ ಅಧ್ಯಕ್ಷೆ ಶಾಂತಕ್ಕ ಒಂದು ಕಾಯಿ ಮುರಿದು ಒಳಗಡೆ ತೋರಿಸಿದಳು.

"ಎರಡ ದಿನ ರಾಶಿ ಹಾಕಿ ಮುಚ್ಚಿಡೋಣ್ರಿ ಸರ್. ಇನ್ನೂ ಪೂರಾ ಹಣ್ಣಾಗಿಲ್ಲ. ರಾಶಿಯೊಳಗ ಬಣ್ಣ ತಿರುಗಿದ ಮ್ಯಾಲೆ ಒಣಗಸ್ಬೇಕ್ರಿ."

"ಇದು ವಿಜ್ಞಾನ ಐತಿ ಶಾಂತಕ್ಕ," ಎಂದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ರಾಶಿ ಹಾಕಿ ಹಣ್ಣು ಮಾಡುವುದೂ ವಿಜ್ಞಾನವೇ. ನಮ್ಮ ಪುಸ್ತಕದಲ್ಲೇ ಇತ್ತು. ನಾನು ಓದಿದ್ದೆ ಕೂಡ.

ಕಾಯಿ ಒಣಗಿತು, ಬಿಳಿಚಿಕೊಂಡು. ಬ್ಯಾಡಗಿ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಒಂದು ಹಿಡಿ ಎತ್ತಿ ನೋಡಿ, ಕೆಳಗೆ ಬಿಟ್ಟು ಮುಂದೆ ಹೋದರು. ಇಡೀ ಸಂಘದ ಒಂದು ಕೊಯ್ಲಿನ ಕಾಯಿ ಅದು. ಮೇಲಿನವರು ಕಾರಣ ಕೇಳಿದಾಗ ನಾನು ಆ ವಾಕ್ಯ ಬರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕುಣಿಯದೆಯೇ ಎಂದೆ. ಪೆಟ್ಟಿಗೆಯನ್ನು ವಾಪಸು ಒಯ್ದರು. ಸಂಘ ಮತ್ತೆ ರಸ್ತೆ ಬದಿಗೆ ಬಂತು. ಬೆಂಗಳೂರಿನಲ್ಲಿ ಯಾರೋ ತಮ್ಮ ಮೇಲೆ ಹಾಗೆ ಬರೆದರೆಂದು ಶಾಂತಕ್ಕ ನಂಬಿದ್ದಳು. ನಾನು ತಮ್ಮ ಪರವಾಗಿ ಹೋರಾಡಿರಬೇಕೆಂದೂ ನಂಬಿದ್ದಳು. ಆ ನಂಬಿಕೆ ಡಬ್ಬಿಯಲ್ಲಿ ಪುಡಿಯಾಗಿ ಬರುತ್ತಿತ್ತು, ನಾನು ಹನ್ನೊಂದು ವರ್ಷ ಅದನ್ನು ಅನ್ನಕ್ಕೆ ಕಲಸಿಕೊಂಡು ಉಂಡೆ.

ಕರಡನ್ನು ಮತ್ತೆ ನೋಡಿದೆ. ಪೆಟ್ಟಿಗೆಯ ಅಳತೆಗೆ ಒಂದು ಕಲಮು, ಉಳಿಯುವ ಕಟ್ಟಿಗೆಗೆ ಒಂದು, ಹೆಚ್ಚುವ ಆದಾಯಕ್ಕೆ ಒಂದು. ಕಾಯಿ ಬೆಳೆದವರನ್ನು ಏನು ಕೇಳಿದಿರಿ ಎಂಬುದಕ್ಕೆ ಕಲಮು ಇರಲಿಲ್ಲ. ಹಿಂದೆಯೂ ಇರಲಿಲ್ಲ. ನಾನು ಸುಮ್ಮನಿದ್ದರೆ ಈ ಸಲವೂ ಶಾಂತಕ್ಕನ ಸಂಘಕ್ಕೆ ಪೆಟ್ಟಿಗೆ ಸಿಗುವುದಿಲ್ಲ. ಸಿಕ್ಕವರು ನನ್ನ ಹಾಗೆಯೇ ತುಂಬಿ ಕೆಡಿಸುತ್ತಾರೆ.

ಶಾಂತಕ್ಕನಿಗೆ ಫೋನು ಮಾಡಿದೆ. ಪುಡಿ ಮುಟ್ಟಿತೇ ಎಂದು ಕೇಳಿದಳು. ಮುಟ್ಟಿತು ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ.



"ನಮ್ಮನ್ನ ತಿಳಿಗೇಡಿಗಳು ಅಂತ ಬರದವರು ನೀವ ಏನ್ರಿ?"

"ಹೌದು ಶಾಂತಕ್ಕ. ನಾನ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಈಗ ಏನು ಮಾಡುತ್ತೀರಿ ಎಂದು ಕೇಳಿದಳು. ತಿದ್ದಿ ಬರೆಯುತ್ತೇನೆ, ತಪ್ಪು ನನ್ನದೆಂದು ಹೆಸರು ಹಾಕಿ ಕಳಿಸುತ್ತೇನೆ ಎಂದೆ.

"ಕಳಸೂಕಿಂತ ಮೊದ್ಲ ನನಗ ಓದಿ ಹೇಳ್ರಿ."

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ವರದಿಗಳನ್ನು ಮೇಲಿನವರು ಮಾತ್ರ ಓದಿದ್ದರು. ಮಧ್ಯಾಹ್ನ ಊಟ ಬಿಟ್ಟು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ನಾಲ್ಕು ಗಂಟೆಗೆ ಫೋನಿನಲ್ಲಿ ಓದಿದೆ. ನನ್ನ ತಪ್ಪೊಪ್ಪಿಗೆಯ ಪ್ಯಾರಾ ಮುಗಿಯಿತು. 'ಕಾಯಿಯನ್ನು ಎರಡು ದಿನ ರಾಶಿ ಹಾಕಿ' ಎಂಬಲ್ಲಿಗೆ ಬಂದಾಗ ತಡೆದಳು.

"ಮೋಡ ಮುಸುಕಿದ್ರ ಮೂರ ದಿನ ಬೇಕ್ರಿ. ಅದನ್ನೂ ಬರಕೋರಿ."

ಬರೆದುಕೊಂಡೆ.

"ಮುಂದ ಓದ್ರಿ," ಎಂದಳು.