ಬೀರುವಿನ ಕಾವಲುಗಾರ

ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿರುವ ಬ್ಯಾಂಕ್ ಮ್ಯಾನೇಜರ್ ದ್ವಾರಕಾನಾಥರ ಮನೆಗೆ ಹೋದವರಿಗೆ ಮೊದಲು ಗಾಜಿನ ಬೀರುವಿನ ದರ್ಶನವಾಗಬೇಕಿತ್ತು. ಅದರೊಳಗೆ ಜಪಾನಿನಿಂದ ತರಿಸಿದ ಪಿಂಗಾಣಿ ಬಟ್ಟಲುಗಳು. ಮೈಮೇಲೆ ಹಸಿರು, ನೇರಳೆ, ಹಳದಿ ಹೂಗಳು ಗಾಜಿನ ಹನಿಗಳಂತೆ ಉಬ್ಬಿ ಮಿನುಗುತ್ತಿದ್ದವು. "ನೋಡಿ, ಆದ್ರೆ ಉಸಿರು ಸ್ವಲ್ಪ ಆ ಕಡೆ ಬಿಡಿ," ಎನ್ನುತ್ತಿದ್ದರು. ಬೀದಿಯಲ್ಲಿ ಬಾಡಿಗೆ ವ್ಯಾನು ಮಟಾಟು ಗುಡುಗಿದರೆ ಎದ್ದುಹೋಗಿ ಬೀರುವನ್ನೇ ತಬ್ಬಿ ನಿಲ್ಲುತ್ತಿದ್ದರು. ಕೆಲಸದ ವಂಜಿರು ಪೊರಕೆ ಹಿಡಿದು ಹತ್ತಿರ ಬಂದರೆ, "ಪೋಲೆ ಪೋಲೆ, ಮೆಲ್ಲಗೆ!" ಎಂದು ಕಿರುಚುತ್ತಿದ್ದರು. ಕಾಫಿ ಮಾತ್ರ ಎಲ್ಲರಿಗೂ ಸ್ಟೀಲ್ ಲೋಟದಲ್ಲೇ. ಹೆಂಡತಿ ಇಂದು, "ಒಂದೇ ಒಂದ್ಸಲ ಅದ್ರಲ್ಲಿ ಕುಡೀತೀನ್ರೀ," ಎಂದಾಗಲೆಲ್ಲ, "ಯುಗಾದಿಗೆ ನೋಡೋಣ," ಎನ್ನುತ್ತಿದ್ದರು. ಈಗ ದಿನಾ ಬೆಳಿಗ್ಗೆ ಅತ್ಯಂತ ಚಂದದ ಬಟ್ಟಲಿನ ತುಂಬ ಬಿಸಿ ಕಾಫಿ ಸುರಿದು, ಹಾರ ಹಾಕಿದ ಇಂದುವಿನ ಫೋಟೋ ಮುಂದೆ ಇಡುತ್ತಾರೆ. ಆರಿ ಕೆನೆಗಟ್ಟಿದ ಮೇಲೆ ವಂಜಿರು ಅದನ್ನು ಸಿಂಕಿಗೆ ಒಯ್ದು ಲೋಟಗಳ ಜೊತೆಗೇ ತೊಳೆಯುತ್ತಾಳೆ. ಸದ್ದಾದರೂ ದ್ವಾರಕಾನಾಥರು ತಿರುಗಿ ನೋಡುವುದಿಲ್ಲ.